ಮೊದಲು ನಮ್ಮ ಹಿತ್ತಲ ಗಾಳಿ ಅಳೆಯೋಣ



ಕಳೆದ ಡಿಸೆಂಬರ್‌ನಲ್ಲಿ ನಾನೊಂದು ತಪ್ಪು ಮಾಡಿದೆ. ಯುವ ಸಂಘದ ಹಣದಲ್ಲಿ, ಕೆಲವೇ ಸಾವಿರ ರೂಪಾಯಿಗೆ, ಗಾಳಿಯ ಸೂಕ್ಷ್ಮ ಕಣಗಳನ್ನು ಅಳೆಯುವ ಸೆನ್ಸರ್ ತಂದು ಸಭಾಂಗಣದ ಕಿಟಕಿಗೆ ಕಟ್ಟಿದ್ದೆವು. ಒಂದು ಮುಂಜಾನೆ ಅಂಕಿ ಸರ್ರನೆ ಏರಿತು. "ನೋಡಿ, ಹೆದ್ದಾರಿಯ ಲಾರಿ ಹೊಗೆ!" ಎಂದು ಬರೆದು ಫೋಟೊವನ್ನು ವಾಟ್ಸಾಪ್ ಗುಂಪಿಗೆ ಹಾಕಿದೆ. ಅದನ್ನು ನೋಡಿದ ಅಜ್ಜಿಯೊಬ್ಬರು ಉಬ್ಬಸವಿರುವ ಮೊಮ್ಮಗನನ್ನು ಅಂದು ಶಾಲೆಗೇ ಕಳಿಸಲಿಲ್ಲ.

ಅಂದು ಹೊಸೂರಿನಲ್ಲಿ ದಟ್ಟ ಮಂಜು ಕವಿದಿತ್ತು. ಈ ಸೆನ್ಸರ್‌ನೊಳಗೆ ಪುಟ್ಟ ಫ್ಯಾನ್ ಗಾಳಿಯನ್ನು ಎಳೆಯುತ್ತದೆ. ಲೇಸರ್ ಬೆಳಕು ಕಣಗಳಿಗೆ ತಾಗಿ ಚದುರುತ್ತದೆ. ಚದುರಿದ ಬೆಳಕಿನಿಂದ ಯಂತ್ರ ಕಣಗಳ ಲೆಕ್ಕವನ್ನು ಅಂದಾಜು ಮಾಡುತ್ತದೆ. ತೇವ ಹೆಚ್ಚಿದಾಗ ಕಣಗಳು ನೀರು ಹೀರಿ ಉಬ್ಬುತ್ತವೆ. ಮಂಜಿನ ಹನಿಯೂ ದೂಳಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ಲಕ್ಷಾಂತರ ರೂಪಾಯಿಯ ಸರ್ಕಾರಿ ಯಂತ್ರಗಳಲ್ಲಿ ಗಾಳಿಯ ತೇವ ತಗ್ಗಿಸುವ ವ್ಯವಸ್ಥೆ ಇರುತ್ತದೆ. ನಮ್ಮದರಲ್ಲಿ ಇಲ್ಲ. ಆ ಅಂಕಿಯಲ್ಲಿ ಹೊಗೆ ಎಷ್ಟು, ಮಂಜು ಎಷ್ಟು ಎಂದು ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ.

ಹಾಗಾದರೆ ಸೆನ್ಸರ್ ಬಿಸಾಡಬೇಕೆ? ಖಂಡಿತ ಬೇಡ. ಅದು ಏನು ಹೇಳಬಲ್ಲದು, ಏನು ಹೇಳಲಾರದು ಎಂದು ತಿಳಿದು ಬಳಸಬೇಕು.

ಒಂದು ಕ್ಷಣದ ಅಂಕಿಯಿಂದ ತೀರ್ಪು ಕೊಡಬಾರದು. ಪಿಎಂ 2.5 ಎಂಬ ಸೂಕ್ಷ್ಮ ಕಣಗಳಿಗೆ ಭಾರತದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ; ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಎರಡೂ 24 ಗಂಟೆಗಳ ಸರಾಸರಿಗಳು. ಇನ್ನೊಂದು ಮಾತು: ಕಲ್ಲು ಪುಡಿಯಂಥ ದಪ್ಪ ದೂಳನ್ನು ಈ ಅಗ್ಗದ ಸೆನ್ಸರ್‌ಗಳು ಸರಿಯಾಗಿ ಹಿಡಿಯುವುದಿಲ್ಲ. ಅಂಕಿ ಕಡಿಮೆ ಬಂದರೆ ಗಾಳಿ ಶುದ್ಧ ಎಂದೂ ಅಲ್ಲ. ಆದರೆ ಒಂದೇ ಜಾಗದಲ್ಲಿ, ಒಣ ದಿನಗಳಲ್ಲಿ, ಯಾವ ಹೊತ್ತಿಗೆ ಹೊಗೆ ಏರುತ್ತದೆ ಎಂದು ಹೋಲಿಸಿ ನೋಡಲು ಇದಕ್ಕಿಂತ ಅಗ್ಗದ ಸಾಧನ ನಮಗೆ ಸಿಗದು.

ಹಾಗೆ ಹೋಲಿಸಿ ನೋಡಿದಾಗಲೇ ನಮಗೆ ನಾಚಿಕೆಯಾಯಿತು. ಫೆಬ್ರವರಿಯ ಒಣ ದಿನಗಳಲ್ಲಿ ಪ್ರತಿ ಶನಿವಾರ ಸಂಜೆ ಅಂಕಿ ಏರುತ್ತಿತ್ತು. ಅದೇ ಹೊತ್ತಿಗೆ ಸಭಾಂಗಣದ ಹಿಂದೆ ತರಗೆಲೆ, ಪೇಪರ್ ತಟ್ಟೆ, ಪ್ಲಾಸ್ಟಿಕ್ ಲೋಟಗಳಿಗೆ ಬೆಂಕಿ ಬೀಳುತ್ತಿತ್ತು. ಹಚ್ಚುತ್ತಿದ್ದವರು ಬೇರೆ ಯಾರೂ ಅಲ್ಲ, ಭಾನುವಾರದ ಬಲಿಪೂಜೆಗೆಂದು ಅಂಗಳ ಗುಡಿಸುತ್ತಿದ್ದ ನಾವೇ. ಪಕ್ಕದ ಕೋಣೆಯಲ್ಲಿ ಮಕ್ಕಳು ಹಾಡಿನ ಅಭ್ಯಾಸ ಮಾಡುತ್ತಿದ್ದರು. ಅಜ್ಜಿಯ ಮೊಮ್ಮಗನೂ ಅವರಲ್ಲಿದ್ದ.

ಲಾರಿಗಳೂ ಕಾರ್ಖಾನೆಗಳೂ ನಿರಪರಾಧಿಗಳು ಎಂದು ನಾನು ಹೇಳುತ್ತಿಲ್ಲ. ಅವರನ್ನು ಪ್ರಶ್ನಿಸಲೇಬೇಕು. ಆದರೆ ಹಾಗೆ ಪ್ರಶ್ನಿಸಲು ಹೋಗುವವರ ಕೈಯಲ್ಲಿ ತಿಂಗಳುಗಟ್ಟಲೆ ಬರೆದಿಟ್ಟ ಲೆಕ್ಕ ಇರಬೇಕು, ಹಿತ್ತಲಲ್ಲಿ ಬೆಂಕಿ ಇರಬಾರದು. ಅದಕ್ಕಾಗಿ ಇನ್ನೊಂದು ಸೆನ್ಸರ್ ಕೊಂಡು ಪಕ್ಕಪಕ್ಕ ಇಟ್ಟು ನೋಡೋಣ. ಎರಡೂ ಒಂದೇ ಮಾತು ಹೇಳುತ್ತವೆಯೇ ಎಂದು ಖಚಿತವಾದ ಮೇಲೆ ಒಂದನ್ನು ರಸ್ತೆ ಬದಿಯ ಮನೆಗೆ ಕೊಡೋಣ. ತೇವಾಂಶವನ್ನೂ ಜೊತೆಯಲ್ಲೇ ಬರೆದಿಡೋಣ.

ಆ ಅಜ್ಜಿಯ ಬಳಿ ಹೋಗಿ ಕ್ಷಮೆ ಕೇಳಿದೆ. ಅವರು ನಕ್ಕು, "ಮಂಜಿಗೆ ಹೆದರಿಸಿದೆ, ಹೊಗೇನ ಮಾತ್ರ ಬಿಟ್ಟೆಯಲ್ಲೋ ಮಗನೇ" ಅಂದರು.

ಈ ಭಾನುವಾರ ಪೂಜೆ ಮುಗಿದ ಮೇಲೆ ತರಗೆಲೆ ಗೊಬ್ಬರಕ್ಕೆ ಗುಂಡಿ ತೋಡುತ್ತೇವೆ. ಗುದ್ದಲಿ ಇರುವವರು ತನ್ನಿ.