ಮೂವತ್ತು-ನಲವತ್ತರ ಸೈಟಿನಲ್ಲಿ ವೀಲ್‌ಚೇರ್

ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವ ಅನೇಕರು ಈಗ ‘ಮಿನಿಮಲಿಸ್ಟ್’ ಶೈಲಿಗೆ ಮರುಳಾಗಿದ್ದಾರೆ. ಬಿಳಿ ಗೋಡೆ, ದೊಡ್ಡ ಕಿಟಕಿ, ಕಡಿಮೆ ಸಾಮಾನು. ಆದರೆ ಗೇಟು ದಾಟಿದರೆ ನಾಲ್ಕು ಮೆಟ್ಟಿಲು! ವೀಲ್‌ಚೇರಿನಲ್ಲಿ ಬಂದವರ ಪಾಲಿಗೆ ಮನೆಯ ಸರಳತೆ ಅಲ್ಲಿಗೇ ಮುಗಿಯಿತು.

ಮೆಟ್ಟಿಲಿಗೂ ಕಾರಣವಿದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತದೆ, ಮಳೆನೀರು ನುಗ್ಗೀತೆಂದು ಜನ ಪಾಯವನ್ನು ಎರಡಡಿ ಎತ್ತರಿಸುತ್ತಾರೆ. ಒಂದಡಿ ಏರಲು ರ‍್ಯಾಂಪ್ ಹನ್ನೆರಡಡಿ ಉದ್ದ ಇರಬೇಕೆಂಬುದು ಕೇಂದ್ರದ 2021ರ ಮಾರ್ಗಸೂಚಿಯ ಲೆಕ್ಕ. ಎರಡಡಿಗೆ 24 ಅಡಿ. 30×40 ಸೈಟಿನಲ್ಲಿ ಮನೆ ಎದ್ದ ಮೇಲೆ ಅಷ್ಟು ಜಾಗ ಎಲ್ಲಿಂದ ತರುವುದು? ಬೈಕ್ ಹತ್ತಿಸುವ ಕಡಿದಾದ ಇಳಿಜಾರನ್ನೇ ರ‍್ಯಾಂಪ್ ಎಂದು ತೋರಿಸುವ ಮೇಸ್ತ್ರಿಗಳೂ ಇದ್ದಾರೆ. ನಕ್ಷೆ ಬರೆಯುವಾಗಲೇ ಪಕ್ಕದಲ್ಲಿ ನಾಲ್ಕಡಿ ಬಿಟ್ಟು, ಪಾಯವನ್ನು ಒಂದೂವರೆ ಅಡಿಗೆ ಇಳಿಸಿದರೆ 18 ಅಡಿಯಲ್ಲಿ ಕೆಲಸವಾಗುತ್ತದೆ. ಮಳೆನೀರಿಗೆ ಬಾಗಿಲ ಮುಂದೆ ಜಾಲರಿ ಮುಚ್ಚಿದ ಚರಂಡಿ ಸಾಕು.

ಹೊಸಿಲು ಬೇಡವೆಂದರೆ ಹಿರಿಯರು ಒಪ್ಪರು, ಒಪ್ಪಬೇಕಾಗಿಯೂ ಇಲ್ಲ. ಅರಿಸಿನ ಕುಂಕುಮಕ್ಕೆ ಬೇಕಾದದ್ದು ಮರದ ಪಟ್ಟಿ, ಅದು ನೆಲದ ಮಟ್ಟಕ್ಕೇ ಕೂರಬಹುದು.

ನಿಜವಾದ ಪರೀಕ್ಷೆ ಬಚ್ಚಲುಮನೆಯಲ್ಲಿ. ಎರಡೂವರೆ ಅಡಿಯ ಬಾಗಿಲಲ್ಲಿ ಚೌಕಟ್ಟು ಕಳೆದರೆ ಗಾಲಿ ತಳ್ಳುವ ಕೈಗಳ ಗೆಣ್ಣು ಉಜ್ಜುತ್ತದೆ. ಮೂರಡಿ ತೆರವು, ಒಳಗೆ ಕುರ್ಚಿ ತಿರುಗಲು ಐದಡಿ ಬೇಕು. ನೀರು ಹೊರಗೆ ಬಾರದಿರಲೆಂದು ಒಂದಿಂಚು ತಗ್ಗಿಸಿದ ನೆಲದಲ್ಲಿ ಮುಂದಿನ ಪುಟ್ಟ ಗಾಲಿಗಳು ಸಿಕ್ಕಿಕೊಳ್ಳುತ್ತವೆ. ಹೊಳೆಯುವ ಟೈಲ್ಸಿಗಿಂತ ಒರಟು ಸಾದಹಳ್ಳಿ ಕಲ್ಲು ವಾಸಿ. ಹಿಡಿಕೆ ಕಂಬಿ ಬರುವ ಕಡೆ ಟೊಳ್ಳು ಬ್ಲಾಕ್ ಬಿಟ್ಟು ಗಟ್ಟಿ ಬ್ಲಾಕ್ ಕಟ್ಟಿಸಬೇಕು, ಇಲ್ಲದಿದ್ದರೆ ಮೈಭಾರಕ್ಕೆ ಬೋಲ್ಟೇ ಕಿತ್ತು ಬರುತ್ತದೆ.

ಕಂಬಿ ಹಾಕಿದರೆ ಆಸ್ಪತ್ರೆಯಂತೆ ಕಾಣುತ್ತದೆ ಎಂಬ ಗೊಣಗಾಟ ಸಾಮಾನ್ಯ. ಅಮೆರಿಕದ ರಾಕ್‌ಫರ್ಡಿನಲ್ಲಿ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ, 1952ರಲ್ಲಿ ಮುಗಿದ ಲಾರೆಂಟ್ ಮನೆಯನ್ನು ಯಾರೂ ಹಾಗೆ ಕರೆದಿಲ್ಲ. ಒಂದೇ ಅಂತಸ್ತು, ಅಗಲ ದಾರಿಗಳು, ಕೂತವರ ಕೈಗೆಟಕುವ ಹಿಡಿಕೆಗಳು. ವೀಲ್‌ಚೇರ್ ಬಳಸುತ್ತಿದ್ದ ಯೋಧ ಕೆನೆತ್ ಲಾರೆಂಟ್ ಅಲ್ಲಿ ಸುಮಾರು 60 ವರ್ಷ ಬಾಳಿದರು.

ಕಾನೂನು ಮನೆಯ ಗೇಟಿನ ಹೊರಗೇ ನಿಲ್ಲುತ್ತದೆ. ಸುಗಮ ಪ್ರವೇಶದ ಕನಿಷ್ಠ ನಿಯಮಗಳು ಕಡ್ಡಾಯವಾಗಬೇಕೆಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸಾರ್ವಜನಿಕ ಸ್ಥಳಗಳ ವಿಷಯದಲ್ಲಿ. ಸ್ವಂತ ಮನೆ ಮಾಲೀಕರ ವಿವೇಚನೆಗೆ ಬಿಟ್ಟದ್ದು. ‘ನಮ್ಮಲ್ಲಿ ಯಾರೂ ವೀಲ್‌ಚೇರಿನಲ್ಲಿಲ್ಲವಲ್ಲ’ ಎನ್ನುವವರೇ ಕೆಳಗಿನ ಮನೆ ಬಾಡಿಗೆಗೆ ಕೊಟ್ಟು, ಮಂಡಿನೋವಿನ ತಾಯಿಯೊಂದಿಗೆ ಮಹಡಿಯಲ್ಲಿರುತ್ತಾರೆ. ಬಾಡಿಗೆದಾರರನ್ನು ಮೇಲಕ್ಕೆ ಕಳಿಸಿದರೆ ಬಾಡಿಗೆಯೇನೂ ನಿಲ್ಲುವುದಿಲ್ಲ.