ಚಾರ್ಜ್‌ಶೀಟಿನ ಇಂಗ್ಲಿಷು

ಕೆಲವು ವರ್ಷಗಳ ಹಿಂದೆ ನೂಲಿನ ಖಾತೆಯ ಕಾರ್ಮಿಕರೊಬ್ಬರು ರಾತ್ರಿ ಪಾಳಿ ಮುಗಿಸಿಕೊಂಡು ನೆಟ್ಟಗೆ ನಮ್ಮ ಪಕ್ಷದ ಕಚೇರಿಗೆ ಬಂದರು. ಕೈಯಲ್ಲಿ ಗಿರಣಿಯವರು ಕೊಟ್ಟ ಕಾಗದ, ಪೂರ್ತಿ ಇಂಗ್ಲಿಷು. ಕೆಳಗೆ ಅವರ ರುಜು ಆಗಲೇ ಬಿದ್ದಿತ್ತು. "ನಾನೇನೋ ಕದ್ದೆ ಅಂತ ಬರೆದಾರಂತೆ, ನೋಡ್ರಿ ಮಾಸ್ತರರೇ" ಎಂದರು. ಕಳವಿನ ಮಾತು ಅದರಲ್ಲಿ ಇರಲಿಲ್ಲ. ಇದ್ದದ್ದು 'ವಿಲ್‌ಫುಲ್ ಇನ್‌ಸಬಾರ್ಡಿನೇಷನ್' ಎಂಬ ಎರಡು ಶಬ್ದ. ನಡೆದದ್ದು ಇಷ್ಟೇ: ಓಡುತ್ತಿರುವ ಯಂತ್ರದ ಅಡಿಗೆ ಕೈಹಾಕಿ ಹತ್ತಿಯ ಕಸ ತೆಗೆ ಎಂದು ಜಾಬರನು ಹೇಳಿದ, ಯಂತ್ರ ನಿಲ್ಲಿಸಿದರೆ ತೆಗೆಯುತ್ತೇನೆಂದು ಇವರು ಹೇಳಿದರು.

ನಾವು ಮೆಟ್ರಿಕ್‌ವರೆಗೆ ಓದಿದವರು. ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ರಜೆಯ ಅರ್ಜಿಯ ಕೊನೆಗೆ 'ಒಬೀಡಿಯೆಂಟ್' ಎಂಬ ಶಬ್ದವನ್ನು ನೂರು ಸಲ ಬರೆಸಿದ್ದೇವೆ. ಅದಕ್ಕೆ ಎದುರಾದ ಶಬ್ದಗಳನ್ನು ಒಮ್ಮೆಯೂ ಕಲಿಸಿದ ನೆನಪಿಲ್ಲ.

ಇಂಗ್ಲಿಷಿಗೆ ಅಂಥ ಶಬ್ದಗಳ ಬಡತನವಿದೆಯೆಂದು ಯಾರೂ ತಿಳಿಯಬಾರದು. 'ರೆಸಿಸ್ಟ್' ಎಂಬುದರ ಲ್ಯಾಟಿನ್ ಬೇರಿನಲ್ಲಿ ಇರುವುದು 'ಎದುರು ನಿಲ್ಲು' ಎಂಬ ಅರ್ಥ. 'ಡಿಫೈ' ಎಂದರೆ ಮೂಲದಲ್ಲಿ ಒಡೆಯನ ಮೇಲಿಟ್ಟ ನಿಷ್ಠೆಯನ್ನು ಬಹಿರಂಗವಾಗಿ ಹಿಂದಕ್ಕೆ ತೆಗೆದುಕೊಳ್ಳುವುದು. ಇವು ತಲೆಯೆತ್ತಿ ನಿಂತವನ ಶಬ್ದಗಳು. ಆದುದರಿಂದಲೇ ಗಿರಣಿಯ ಕಾಗದದಲ್ಲಿ ಇವಕ್ಕೆ ಜಾಗವಿಲ್ಲ. ಅಲ್ಲಿ ಬರುವುದು 'ಇನ್‌ಸಬಾರ್ಡಿನೇಷನ್'. ಅದರ ಹೊಟ್ಟೆಯೊಳಗೆ 'ಕೆಳಗಿನ ಸಾಲಿನಲ್ಲಿ ಇಟ್ಟದ್ದು' ಎಂಬ ಮಾತಿದೆ. ಅಂದರೆ ನೀನು ಏನು ಕೆಡಿಸಿದೆ ಎಂಬುದು ಪ್ರಶ್ನೆಯಲ್ಲ. ಇಟ್ಟ ಸಾಲನ್ನು ಬಿಟ್ಟೆ ಎಂಬುದೇ ಅಪರಾಧ. ಇನ್ನೊಂದು ವಿನೋದ ನೋಡಿರಿ. ಮಾಲಿಕನು ಕಾರ್ಮಿಕರ ಪ್ರಾವಿಡೆಂಟ್ ಫಂಡಿನ ಹಣ ಕಟ್ಟದೆ ಹೋದರೆ ಅವನೂ ಸರಕಾರದ ಆಜ್ಞೆ ಮೀರಿದವನೇ ತಾನೆ? 1952ರ ಪ್ರಾವಿಡೆಂಟ್ ಫಂಡ್ ಕಾಯಿದೆ ಅದಕ್ಕೆ ಇಟ್ಟ ಹೆಸರು 'ಡಿಫಾಲ್ಟ್', ಎಂದರೆ ತಪ್ಪಿಹೋದದ್ದು. ನಮ್ಮವನದು ಮಾತ್ರ ಉದ್ಧಟತನ!

ಹೆಸರಿನಿಂದ ಏನಾದೀತು ಎನ್ನುವವರು 1946ರ ಮುಂಬಯಿಯನ್ನು ನೆನೆಯಲಿ. ಫೆಬ್ರುವರಿ 18ರಂದು 'ತಲ್ವಾರ್' ಎಂಬ ನೌಕಾ ತರಬೇತಿ ಠಾಣೆಯ ನಾವಿಕರು, ಊಟ ಕೆಟ್ಟದ್ದು, ಅಧಿಕಾರಿಗಳ ಬೈಗಳು ಅದಕ್ಕಿಂತ ಕೆಟ್ಟದ್ದು ಎಂದು ಕೆಲಸ ಬಿಟ್ಟರು. ತಾವು ಕಟ್ಟಿಕೊಂಡ ಸಮಿತಿಗೆ ಅವರು ಇಟ್ಟ ಹೆಸರು ನೌಕಾ ಕೇಂದ್ರ 'ಸ್ಟ್ರೈಕ್' ಸಮಿತಿ. ಸರಕಾರ ಅದೇ ಸಂಗತಿಯನ್ನು 'ಮ್ಯೂಟಿನಿ' ಎಂದಿತು, 1857ಕ್ಕೆ ಹಚ್ಚಿದ ಅದೇ ಮುದ್ರೆ. ಸಂಪು ಆದರೆ ಸಂಬಳದ ಮಾತು, ಊಟದ ಮಾತು ಆಡಬೇಕಾಗುತ್ತದೆ. ಮ್ಯೂಟಿನಿ ಎಂದರೆ ತೋಪು ತಿರುಗಿಸಿದರಾಯಿತು. 22ರಂದು ಮುಂಬಯಿಯ ಗಿರಣಿ ಕಾರ್ಮಿಕರು ನಾವಿಕರ ಪರವಾಗಿ ಕೆಲಸ ನಿಲ್ಲಿಸಿ ಬೀದಿಗೆ ಬಂದರು. ಆ ದಿನಗಳ ಗೋಲೀಬಾರಿನಲ್ಲಿ ಸತ್ತವರು ಇನ್ನೂರಕ್ಕೂ ಹೆಚ್ಚು. ಸ್ವಾತಂತ್ರ್ಯ ಬಂದ ಮೇಲಾದರೂ, ವಜಾ ಆದ ಆ ನಾವಿಕರನ್ನು ನಮ್ಮ ನೌಕಾಪಡೆ ಮರಳಿ ಕರೆದುಕೊಳ್ಳಲಿಲ್ಲ. ಬಿಳಿಯರು ಹೋದರೂ ಅವರು ಇಟ್ಟ ಹೆಸರು ಕಡತದಲ್ಲಿ ಉಳಿಯಿತು.

'ಸ್ಟ್ರೈಕ್' ಎಂಬುದಂತೂ ನಾವಿಕರದೇ ಶಬ್ದ. 1768ರಲ್ಲಿ ಲಂಡನ್ ಬಂದರಿನ ನಾವಿಕರು ಕೂಲಿಗಾಗಿ ಹಡಗುಗಳ ಹಾಯಿಗಳನ್ನು ಕೆಳಗಿಳಿಸಿದರು. ಹಾಗೆ ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ 'ಸ್ಟ್ರೈಕ್' ಎನ್ನುವ ರೂಢಿ. ಅಲ್ಲಿಂದ ಕೆಲಸ ನಿಲ್ಲಿಸುವುದಕ್ಕೆಲ್ಲ ಅದೇ ಹೆಸರಾಯಿತು.

ನಮ್ಮ ವ್ಯಾಪಾರಿ ಮಿತ್ರರು ವಿಶೇಷವಾಗಿ ಓದಬೇಕಾದದ್ದು 'ಬಾಯ್ಕಾಟ್' ಕಥೆ. ಅದು ಒಬ್ಬ ಮನುಷ್ಯನ ಹೆಸರು. ಐರ್ಲೆಂಡಿನ ಮೇಯೋ ಪ್ರಾಂತದಲ್ಲಿ ಲಾರ್ಡ್ ಅರ್ನ್ ಎಂಬ ಜಮೀನ್ದಾರನ ಕಾರಭಾರಿ, ಕ್ಯಾಪ್ಟನ್ ಬಾಯ್ಕಾಟ್. 1880ರಲ್ಲಿ ಬೆಳೆ ಕೆಟ್ಟು ಗೇಣಿ ಇಳಿಸಿರೆಂದು ಒಕ್ಕಲುಗಳು ಕೇಳಿದಾಗ ಇವನು ಒಕ್ಕಲೆಬ್ಬಿಸುವ ನೋಟೀಸು ಹೊರಡಿಸಿದ. ಯಾರೂ ಅವನ ಮೈಮುಟ್ಟಲಿಲ್ಲ. ಆಳುಗಳು ಹೊಲ ಬಿಟ್ಟು ಹೋದರು, ಅಗಸಗಿತ್ತಿ ಬಟ್ಟೆ ಒಗೆಯಲಿಲ್ಲ, ಅಂಗಡಿಕಾರರು ಸಾಮಾನು ಕೊಡಲಿಲ್ಲ. ಸುಮಾರು 500 ಪೌಂಡಿನ ಬೆಳೆ ಕೀಳಲು ಹೊರಗಿನಿಂದ 50 ಮಂದಿ ಬಂದರು. ಅವರ ಕಾವಲಿಗೆ ಸಾವಿರದಷ್ಟು ಸೈನಿಕರು. ಒಟ್ಟು ಖರ್ಚು 10,000 ಪೌಂಡು ಎಂದು ಲೆಕ್ಕ ಹೇಳುತ್ತಾರೆ. ಇಷ್ಟರಲ್ಲಿ ಈ ಕೆಲಸಕ್ಕೊಂದು ಹೆಸರು ಬೇಕಾಯಿತು. 'ಆಸ್ಟ್ರಸೈಸ್' ಎಂಬ ಪಂಡಿತರ ಶಬ್ದವಿತ್ತು. ಅದು ನಮ್ಮ ರೈತರ ತಲೆಗೆ ಹತ್ತದು, 'ಅವನನ್ನು ಬಾಯ್ಕಾಟ್ ಮಾಡು' ಎನ್ನೋಣ ಎಂದು ಊರ ಪಾದ್ರಿ ಓಮ್ಯಾಲಿ ಸೂಚಿಸಿದನಂತೆ. ರೈತರಿಗೆ ತಿಳಿಯಲಿ ಎಂದು ಮಾಡಿದ ಶಬ್ದವನ್ನು ಇಂದು ಜಗತ್ತೆಲ್ಲ ಆಡುತ್ತಿದೆ! ನಮ್ಮ 'ಹರತಾಳ'ವೂ ಇದೇ ಜಾತಿಯದು: ಹಟ್ಟ ಎಂದರೆ ಅಂಗಡಿ, ತಾಳ ಎಂದರೆ ಬೀಗ. 1919ರ ಏಪ್ರಿಲ್ 6ರಂದು ರೌಲೆಟ್ ಕಾಯಿದೆಗೆ ಎದುರಾಗಿ ದೇಶ ಆ ಬೀಗ ಹಾಕಿತು. 'ಘೇರಾವ್' ಕೂಡ ಹೀಗೆಯೇ 1967ರ ಬಂಗಾಳದ ಕಾರ್ಖಾನೆಗಳಿಂದ ಇಂಗ್ಲಿಷ್ ಪತ್ರಿಕೆಗಳೊಳಗೆ ನುಗ್ಗಿತು.

ಇನ್ನು ನಮ್ಮ ತಪ್ಪನ್ನೂ ಹೇಳಿಬಿಡೋಣ. ಅರ್ಧ ಗಂಟೆಯ ಗೇಟ್ ಸಭೆಗೆ 'ಸ್ಟ್ರೈಕ್' ಎಂದು ಬೋರ್ಡು ಬರೆಯುವ ಚಟ ನಮ್ಮವರಿಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಈ ಶಬ್ದದ ಹೊಟ್ಟೆ ಮೊದಲಿಗಿಂತ ದೊಡ್ಡದಾಗಿದೆ. ಶೇಕಡಾ 50 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಅದೂ ಸ್ಟ್ರೈಕೇ. ಮುಂಚಿತ ನೋಟೀಸಿಲ್ಲದಿದ್ದರೆ ಕಾನೂನುಬಾಹಿರ. ಹಗುರವಾಗಿ ಆಡುವ ಶಬ್ದ ಇದಲ್ಲ.

ಮರಳಿ ಆ ಕಾಗದಕ್ಕೆ ಬರುತ್ತೇವೆ. ನಾವು ಅಂದು ಕುಳಿತು 1946ರ ಕಾಯಿದೆಯ ಮಾದರಿ ಸ್ಥಾಯಿ ಆಜ್ಞೆಗಳನ್ನು ತೆಗೆದು ನೋಡಿದೆವು. ಅಲ್ಲಿ ಇನ್‌ಸಬಾರ್ಡಿನೇಷನ್ ಒಂಟಿಯಾಗಿ ನಿಂತಿರಲಿಲ್ಲ. ಮೇಲಧಿಕಾರಿಯ ಆಜ್ಞೆ ಕಾನೂನಿಗೆ ಒಪ್ಪುವಂಥದ್ದೂ ವಿವೇಕಕ್ಕೆ ಒಪ್ಪುವಂಥದ್ದೂ ಆಗಿದ್ದು, ಅದನ್ನು ಬೇಕೆಂದೇ ಮೀರಿದರೆ ಮಾತ್ರ ಅದು ದುರ್ನಡತೆ. ಗಿರಣಿಯ ಕಾಗದದಲ್ಲಿ 'ವಿಲ್‌ಫುಲ್' ಇತ್ತು. ಆಜ್ಞೆ ಎಂಥದ್ದಿರಬೇಕು ಎಂಬ ಭಾಗ ಮಾತ್ರ ಮಾಯವಾಗಿತ್ತು. ಇತ್ತ 1948ರ ಕಾರ್ಖಾನೆ ಕಾಯಿದೆಯ 22ನೆಯ ಕಲಮು ಓಡುವ ಯಂತ್ರದ ಹತ್ತಿರ ಇಂಥ ಕೆಲಸಕ್ಕೆ ವಿಶೇಷ ತರಬೇತಿ ಪಡೆದು, ರಿಜಿಸ್ಟರಿನಲ್ಲಿ ಹೆಸರಿದ್ದು, ಬಿಗಿಯಾದ ಉಡುಪು ತೊಟ್ಟವನೇ ಹೋಗಬೇಕೆಂದು ಹೇಳುತ್ತಿತ್ತು. ನಮ್ಮವರಿಗೆ ತರಬೇತಿಯೂ ಇರಲಿಲ್ಲ, ಮೈಮೇಲೆ ಇದ್ದದ್ದು ಲುಂಗಿ. ಹಾಗಾದರೆ ಕಾನೂನು ಮೀರಿದವರು ಯಾರು? ಇದನ್ನೆಲ್ಲ ಕನ್ನಡದಲ್ಲೇ ಬರೆದುಕೊಟ್ಟೆವು. ಕಾಗದ ಎಚ್ಚರಿಕೆಯಾಗಿ ಇಳಿಯಿತು. ನಾಲ್ಕು ದಿನದ ಕೂಲಿ ಮಾತ್ರ ಬರಲಿಲ್ಲ.

ಆ 1946ರ ಕಾಯಿದೆಯೇ ಸ್ಥಾಯಿ ಆಜ್ಞೆಗಳನ್ನು ಇಂಗ್ಲಿಷಿನಲ್ಲಿಯೂ, ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಹತ್ತಿರ ಹಲಗೆಯ ಮೇಲೆ ಅಂಟಿಸಬೇಕೆಂದು ಹೇಳಿತ್ತು. ನಾವು ಎಷ್ಟೋ ಗಿರಣಿಯ ಬಾಗಿಲು ನೋಡಿದ್ದೇವೆ. ಕನ್ನಡದಲ್ಲಿ ಕಂಡದ್ದು ಹೆಚ್ಚಾಗಿ 'ಧೂಮಪಾನ ನಿಷಿದ್ಧ' ಒಂದೇ. ಆ ಕಾಯಿದೆ 100 ಮಂದಿ ದುಡಿಯುವಲ್ಲಿಗೆ ಸಲ್ಲುತ್ತಿತ್ತು. ಹೊಸ ಸಂಹಿತೆ ಅದನ್ನು 300ಕ್ಕೆ ಏರಿಸಿದೆ. ನಮ್ಮ ಊರಿನಂಥ ಕಡೆ ಸಣ್ಣ ಗಿರಣಿಗಳಲ್ಲಿ ದುಡಿಯುವವರಿಗೆ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಗ್ಲಿಷ್ ಕಾಗದ ಕೈಗೆ ಬಂದವರು ಬರೇ ರುಜು ಹಾಕಬೇಡಿರಿ. "ಪ್ರತಿ ಮಾತ್ರ ಪಡೆದಿದ್ದೇನೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡದಲ್ಲಿ ಕೊಡಿರಿ" ಎಂದು ಬರೆದು, ತಾರೀಖು ಹಾಕಿ, ಅದರ ಕೆಳಗೆ ರುಜು ಮಾಡಿರಿ. ಬರೆಯಲು ಬಾರದವರು ಕಾಗದ ಹಿಡಿದು ಬನ್ನಿರಿ. ಭಾನುವಾರ ಬೆಳಿಗ್ಗೆ 9ರಿಂದ ಮಧ್ಯಾಹ್ನದವರೆಗೆ ನಾವು ಕಚೇರಿಯಲ್ಲಿ ಇರುತ್ತೇವೆ.