ಕ್ಯಾಮೆರಾ ಈಗ ಮೋಡ ನೋಡ್ತಿದೆ

ನನ್ನ ಕೆಲಸ ಏನು ಅಂತ ಕೇಳಿದ ನೆಂಟರೆಲ್ಲ ನಗ್ತಾರೆ. "ದಿನವಿಡೀ ಟಿವಿ ನೋಡೋಕೆ ಸಂಬಳ ಕೊಡ್ತಾರಾ?" ಅಂತ. ಒಂದು ಲೆಕ್ಕಕ್ಕೆ ನಿಜವೇ. ಬೆಂಗಳೂರಿನ ಹೊರವಲಯದ ಕಾರ್ಖಾನೆಯೊಂದರ ಕಮಾಂಡ್ ಸೆಂಟರಿನಲ್ಲಿ ಕೂರುತ್ತೇನೆ. ಗೋಡೆ ತುಂಬ ಪರದೆ. ಯಾವ ಮೋಟಾರು ಬಿಸಿಯಾಗ್ತಿದೆ, ಯಾವ ಕನ್ವೇಯರ್ ನಿಂತಿದೆ, ಎಲ್ಲಿ ಎಣ್ಣೆ ಚೆಲ್ಲಿದೆ, ಎಲ್ಲವೂ ಒಂದೇ ಕಡೆ ಕಾಣುತ್ತದೆ. ಮೊದಲೆಲ್ಲ ಒಂದು ಮೆಷಿನ್ ನಿಂತರೆ ಕಾರಣ ಹುಡುಕೋದರಲ್ಲೇ ಅರ್ಧ ಪಾಳಿ ಮುಗಿಯುತ್ತಿತ್ತು. ಈಗ ನಿಲ್ಲುವ ಮುಂಚಿನ ಐದು ನಿಮಿಷದ ವಿಡಿಯೋ ಹಿಂದಕ್ಕೆ ಓಡಿಸಿ ನೋಡಿ, ಸರಿಯಾದ ಮನುಷ್ಯನನ್ನೇ ಕಳಿಸ್ತೀವಿ.

ಈ ಬುದ್ಧಿವಂತಿಕೆಯನ್ನು ಊರಿಗೂ ಹೊತ್ತುಕೊಂಡು ಹೋದೆ.

ಊರು ಸಕಲೇಶಪುರದ ಆಚೆ, ಹೆಗ್ಗದ್ದೆ. ಅಪ್ಪನದು ಸಣ್ಣ ಕಾಫಿ ತೋಟ. ಕಾಫಿ ರೇಟು ಏರಿದ ಮೇಲೆ ಕಣದಲ್ಲಿ ಹರವಿದ ಕಾಫಿಗೂ ಕಾವಲು ಬೇಕು ಅನ್ನೋ ಹಾಗಾಯಿತು. ನಾಲ್ಕು ಕ್ಯಾಮೆರಾ ಹಾಕಿಸಿದೆ: ಕಣಕ್ಕೆ ಎರಡು, ಗೋಡೌನಿಗೆ ಒಂದು, ಗೇಟಿಗೆ ಒಂದು. ಎಲ್ಲವೂ ನನ್ನ ಫೋನಿಗೆ. ಇಲ್ಲಿ ಕೂತೇ ತೋಟ ನಡೆಸ್ತೀನಿ ಅನ್ನೋ ಹುಮ್ಮಸ್ಸು.

ಫೆಬ್ರವರಿಯ ಒಂದು ಬೆಳಿಗ್ಗೆ, ಹನ್ನೊಂದರ ಹೊತ್ತು. ರೊಬಸ್ಟಾ ಕೊಯ್ಲಿನ ಸಮಯ. ಫೋನ್ ತೆಗೆದು ನೋಡಿದರೆ ಕಣದಲ್ಲಿ ಒಬ್ಬರೂ ಇಲ್ಲ. ಕಾಫಿ ಕೆದಕುವ ಹಲಗೆಗಳು ಬಿದ್ದಲ್ಲೇ ಬಿದ್ದಿವೆ. ಹತ್ತು ನಿಮಿಷ ಕಾದೆ. ಇಪ್ಪತ್ತು. ನಲವತ್ತು ನಿಮಿಷ ಆದ ಮೇಲೆ ಅಪ್ಪನಿಗೆ ಫೋನ್ ಮಾಡಿದೆ. "ಏನಪ್ಪ, ಒಬ್ರೂ ಇಲ್ವಲ್ಲ? ಸುಮ್ನೆ ಕೂಲಿ ಕೊಡ್ತಿದ್ದೀರ. ಅರ್ಧ ದಿನದ್ದು ಹಿಡ್ಕೊಳ್ಳಿ."

ಅಪ್ಪ ವಾದ ಮಾಡಲಿಲ್ಲ. "ಶನಿವಾರ ಬಾ" ಅಂದು ಫೋನ್ ಇಟ್ಟರು.

ಶನಿವಾರ ಹೋದಾಗ ಕಣದ ಹತ್ತಿರ ಅಕ್ಕ ಒಬ್ಬರು ಕಾಫಿ ಕೆದಕುತ್ತಿದ್ದರು. ನಾನು ಶಾಲೆಗೆ ಹೋಗೋ ಕಾಲದಿಂದ ನಮ್ಮ ತೋಟದಲ್ಲಿ ದುಡಿದವರು. ಹಲಗೆ ನಿಲ್ಲಿಸದೆ ಹೇಳಿದರು, "ಸಣ್ ಗೌಡ್ರೇ, ಅವತ್ತು ಆನೆ ಮೆಸೇಜ್ ಬಂದಿತ್ತು. ಹಳ್ಳದ ಪಕ್ಕ ಹತ್ತು ಜನ ಕೊಯ್ತಿದ್ರು. ಅಲ್ಲಿ ಫೋನ್ ಸಿಗಲ್ಲ. ಮೇಸ್ತ್ರಿ ಜೊತೆ ಹೋಗಿ ಕೂಗಿ ಕರ್ಕೊಂಡ್ ಬಂದ್ವಿ."

ನಮ್ಮ ಕಡೆ ಆನೆ ಅಂದರೆ ಏನು ಅಂತ ಸಕಲೇಶಪುರ, ಆಲೂರಿನವರಿಗೆ ಹೇಳಬೇಕಿಲ್ಲ. ಆನೆ ಎಲ್ಲಿದೆ ಅಂತ ಮೊಬೈಲಿಗೆ ಸುದ್ದಿ ಬಂದರೆ ಕೆಲಸ ಬಿಟ್ಟು ಓಡಬೇಕು. ಅವರು ಓಡಿದ್ದು ಮನೆಗಲ್ಲ, ಉಳಿದವರ ಕಡೆಗೆ. ಅಂಥ ನಲವತ್ತು ನಿಮಿಷಕ್ಕೆ ನಾನು ಕೂಲಿ ಹಿಡಿಯಿರಿ ಅಂದಿದ್ದೆ. ಅಪ್ಪ ಹಿಡಿದಿರಲಿಲ್ಲ. ಆದರೆ ನನ್ನ ಮಾತು ಹೇಗೋ ಅವರ ಕಿವಿಗೆ ಬಿದ್ದಿತ್ತು.

"ತಪ್ಪಾಯ್ತು ಅಕ್ಕ" ಅಂದೆ. ಅವರು ನಕ್ಕು, ಕ್ಯಾಮೆರಾ ಕಡೆ ಗಲ್ಲ ಎತ್ತಿ, "ನಮ್ಮನ್ನ ನೋಡಿ ಏನ್ ಸಿಗುತ್ತೆ? ಅದನ್ನ ಆ ಕಡೆ ತಿರುಗ್ಸಿ, ಮೋಡನಾದ್ರೂ ನೋಡ್ಲಿ" ಅಂದರು.

ತಮಾಷೆಗೇ ಹೇಳಿರಬಹುದು. ಆದರೆ ಕಾಫಿ ಬಲ್ಲವರಿಗೆ ಗೊತ್ತು, ಕಣದ ದೊಡ್ಡ ಕಳ್ಳ ಮನುಷ್ಯನಲ್ಲ, ಅಕಾಲ ಮಳೆ. ಚೆರಿಯ ತೇವಾಂಶ ಸುಮಾರು 11%ಕ್ಕೆ ಇಳಿಯಬೇಕು. ಅದಕ್ಕೆ ಎರಡು ವಾರದಷ್ಟು ಬಿಸಿಲು, ದಿನಕ್ಕೆ ಹತ್ತಾರು ಸಲ ಕೆದಕುವ ಕೈ ಬೇಕು. ಒಣಗುತ್ತಿರುವ ಕಾಫಿ ನೆನೆದರೆ ಬೂಷ್ಟು ಹಿಡಿದು ವಾಸನೆ ಬರುತ್ತದೆ. ವರ್ಷದ ದುಡಿಮೆಗೆ ರೇಟು ಬೀಳುತ್ತದೆ.

ಬೆಂಗಳೂರಿಗೆ ವಾಪಸ್ ಬರೋ ದಾರಿಯುದ್ದಕ್ಕೂ ಇದೇ ಯೋಚನೆ. ನಮ್ಮ ಘಾಟಿಯ ರೈಲು ದಾರಿಯನ್ನೇ ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ., 57 ಸುರಂಗ. ಯಾವ ರೈಲು ಎಲ್ಲಿದೆ ಅಂತ ದೂರದ ಕಂಟ್ರೋಲ್ ರೂಮಿಗೆ ಗೊತ್ತಿರುತ್ತದೆ. ಆದರೂ ಮಳೆಗಾಲದಲ್ಲಿ ಟಾರ್ಚ್ ಹಿಡಿದು ಹಳಿ ಮೇಲೆ ನಡೆಯುವ ಗಸ್ತಿನವರು ಬೇಕೇ ಬೇಕು. 2024ರ ಜುಲೈನಲ್ಲಿ ಕಡಗರವಳ್ಳಿ, ಎಡಕುಮೇರಿ ನಡುವೆ ಗುಡ್ಡ ಕುಸಿದು ದಿನಗಟ್ಟಲೆ ರೈಲು ನಿಂತಿದ್ದು ನಮಗೆಲ್ಲ ನೆನಪಿದೆ. ಕಂಟ್ರೋಲ್ ರೂಮಿನ ಶಕ್ತಿ ಇರೋದು ಸ್ಥಳದಲ್ಲಿರುವವನ ಮಾತು ಕೇಳಿಸಿಕೊಳ್ಳೋದರಲ್ಲಿ. ಟೊಯೋಟಾ ಕಾರ್ಖಾನೆಗಳಲ್ಲಿ 'ಆಂಡಾನ್' ಅಂತ ಒಂದು ಪದ್ಧತಿಯಿದೆ. ತಪ್ಪು ಕಂಡರೆ ಸಾಮಾನ್ಯ ಕೆಲಸಗಾರನೂ ಹಗ್ಗ ಎಳೆದು ಮೇಲಿನವರನ್ನು ಕರೆಯಬಹುದು, ಬೇಕಾದರೆ ಲೈನೇ ನಿಲ್ಲುತ್ತದೆ. ಇದನ್ನು ಟ್ರೇನಿಂಗಿನಲ್ಲಿ ಓದಿದ್ದೆ. ಮನೆಗೆ ಮಾತ್ರ ಪರದೆಯನ್ನಷ್ಟೇ ತಂದಿದ್ದೆ, ಹಗ್ಗ ತಂದಿರಲಿಲ್ಲ.

ಮುಂದಿನ ವಾರ ಹೋಗಿ ಬದಲಾಯಿಸಿದೆ. ಕಣದ ಒಂದು ಕ್ಯಾಮೆರಾ ಪಶ್ಚಿಮದ ಗುಡ್ಡದ ಕಡೆ ತಿರುಗಿತು. ಗೋಡೌನ್ ಜಗಲಿಯಲ್ಲಿ ಒಂದು ಹಳೇ ಟಿವಿ ಇಟ್ಟೆ, ನಾನು ನೋಡೋದನ್ನೆಲ್ಲ ಅವರೂ ನೋಡಲಿ ಅಂತ. ಕಣದ ಕಂಬಕ್ಕೊಂದು ಗಂಟೆ. ಆನೆ ಸುದ್ದಿ ಬರಲಿ, ಮೋಡ ಬರಲಿ, ಯಾರು ಬೇಕಾದರೂ ಹೊಡೆಯಬಹುದು, ಯಾರನ್ನೂ ಕೇಳಬೇಕಿಲ್ಲ. ಗೇಟು, ಗೋಡೌನಿನ ಕ್ಯಾಮೆರಾ ರಾತ್ರಿ ಮಾತ್ರ. ಲೈನ್ ಮನೆಗಳ ಕಡೆಗೆ ಯಾವುದೂ ತಿರುಗಬಾರದು.

ಮಾರ್ಚ್‌ನ ಒಂದು ಮಧ್ಯಾಹ್ನ ಆಫೀಸಿನಲ್ಲಿ ಕೂತಿದ್ದಾಗ ಫೋನಿನಲ್ಲಿ ಗುಡ್ಡದ ಮೇಲೆ ಮೋಡ ಕಪ್ಪಾಗೋದು ಕಾಣಿಸಿತು. ಅಪ್ಪನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಗಾಬರಿಯಾಗಿ ಕಣದ ಇನ್ನೊಂದು ಕ್ಯಾಮೆರಾ ತೆರೆದೆ. ಅರ್ಧ ಕಣಕ್ಕೆ ಆಗಲೇ ಟಾರ್ಪಾಲು ಬಿದ್ದಿತ್ತು. ಉಳಿದರ್ಧದ ಕಾಫಿಯನ್ನು ಎಲ್ಲರೂ ಗುಡ್ಡೆ ಮಾಡ್ತಿದ್ದರು. ಅಪ್ಪ ಟಾರ್ಪಾಲಿನ ಒಂದು ಮೂಲೆ ಹಿಡಿದಿದ್ದರು, ಅಕ್ಕ ಇನ್ನೊಂದು.

ಸಂಜೆ ಅಪ್ಪನೇ ಫೋನ್ ಮಾಡಿದರು. "ಏನು, ಅಷ್ಟೊಂದು ಸಲ ಮಾಡಿದ್ದೆ?"

"ಏನಿಲ್ಲಪ್ಪ, ಮಳೆ ಬರೋ ಹಾಗಿತ್ತು, ಹೇಳೋಣ ಅಂತ."

"ಗಂಟೆ ಆಗ್ಲೇ ಹೊಡೆದಿದ್ರು ಕಣೋ" ಅಂದರು.